ಅಣ್ಣಾರ ಗಾಡಿಯ ಕರಿ ಪ್ಲಗ್ಗುಗಳು

ಹಳೇ ಕಾರು ಇದ್ದಲ್ಲಿ ನಗೆಪಾಟಲು ಇದ್ದೇ ಇರುತ್ತದೆ. ಒಂದೋ ಮಾಲಕ ನಗೆಪಾಟಲಾಗುತ್ತಾನೆ, ಇಲ್ಲ ಮೆಕ್ಯಾನಿಕ್ ನಗೆಪಾಟಲಾಗುತ್ತಾನೆ. ನಾಶಿಕದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ನನಗೆ ಇದು ಊಟ, ನಿದ್ದೆಯಷ್ಟೇ ರೂಢಿ. ಆದರೆ ಹೋದ ವರ್ಷ ಒಂದೇ ಗಾಡಿ ನನ್ನನ್ನು ಮತ್ತೆ ಮತ್ತೆ ಸತಾಯಿಸಿತು. ಎಲ್ಲವೂ ನಗು ಬರುವ ಸಂಗತಿಗಳೇ. ಆಗ ಮಾತ್ರ ನಮಗ್ಯಾರಿಗೂ ನಗುವ ಮನಸ್ಸಿರಲಿಲ್ಲ.

ಗಾಡಿ ನಮ್ಮ ಓಣಿಯ ಉಡುಪಿ ಹೋಟೆಲಿನ ಮಾಲಕರದು. ಊರಿಗೆಲ್ಲ ಅವರು ಅಣ್ಣಾ; ವಿಜಾಪುರ ಕಡೆಯವನಾದ ನನಗೆ ಅಣ್ಣಾರು. ದೀಪಾವಳಿ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಪೂರ್ತಿ ನಿಂತಿತು. ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಹೋಟೆಲಿನ ಮೇಲಿನ ಕೋಣೆಯಲ್ಲಿ ಅಣ್ಣಾರು ಮಲಗಿದರು, ಕೆಳಗೆ ಗಲ್ಲಾದಲ್ಲಿ ಅವರ ಹೆಂಡತಿ ಕೂತರು. ಅವರನ್ನು ನಾನು ಅಕ್ಕಾರು ಅನ್ನುತ್ತೇನೆ. ಹಿತ್ತಲಲ್ಲಿ ಆ ಕಾರು ನಿಂತಿತ್ತು, ಕಾರ್ಬುರೇಟರ್ ಕಾಲದ್ದು.

೧. ಯಾವ ಟೇಬಲಿನದು?

ಮೊದಲ ಸಲ ಅಕ್ಕಾರು ಕರೆಸಿದಾಗ ಗಾಡಿ ಬರೀ ಕೆಮ್ಮುತ್ತಿತ್ತು, ಚಾಲೂ ಆಗುತ್ತಿರಲಿಲ್ಲ. ಎಂಜಿನ್ನಿಗೆ ಕಿಡಿ ಕೊಡುವ ನಾಲ್ಕೂ ಪ್ಲಗ್ ಬಿಚ್ಚಿದೆ. ತುದಿಗೆಲ್ಲ ಒಣ ಮಸಿ; ಮುಟ್ಟಿದರೆ ಬೆರಳಿಗೆ ಹತ್ತಿತು. ಅವನ್ನು ಇಡಲು ಅಕ್ಕಾರು ಹೋಟೆಲಿನ ಸ್ಟೀಲ್ ತಟ್ಟೆ ಕೊಟ್ಟರು.

"ಪ್ಲಗ್ ನೋಡಿ ಎಂಜಿನ್ ಹೊಟ್ಟಿ ಹೆಂಗೈತಿ ಹೇಳಬಹುದ್ರಿ ಅಕ್ಕಾರ," ಎಂದೆ. "ಎಣ್ಣಿ ಹತ್ತಿ ಹಸಿ ಇದ್ರ ಎಂಜಿನ್ ಸವದೈತಿ ಅಂತ. ಬೆಳ್ಳಗಿದ್ರ ಪೆಟ್ರೋಲ್ ಸಾಲವಲ್ದು ಅಂತ. ಹಿಂಗ ಒಣಾ ಮಸಿ ಇದ್ರ ಪೆಟ್ರೋಲ್ ಹೆಚ್ಚಾಗಿ ಪೂರಾ ಉರಿಯವಲ್ದು. ನಿಮ್ಮ ದೋಸಿ ಬಣ್ಣ ಇದ್ರ ಬರೋಬ್ಬರಿ."

"ದೋಸೆ ಬಣ್ಣ ಎಲ್ಲಿ ಉಂಟು ಮಾರಾಯ್ರೆ? ಇದು ಪೂರಾ ಕರಟಿ ಹೋಗಿದೆಯಲ್ಲ!" ಎಂದರು ಅಕ್ಕಾರು, ತಟ್ಟೆ ಎತ್ತಿ ಹಿಡಿದು, ಜೋರಾಗಿ.

ಅಡುಗೆಮನೆಯಿಂದ ಭಟ್ಟರು ಸೌಟು ಹಿಡಿದೇ ಓಡಿಬಂದರು. ಹೋಟೆಲಿನ ಮರ್ಯಾದೆಯೆಲ್ಲ ತನ್ನ ಕಾವಲಿಯ ಮೇಲೆಯೇ ನಿಂತಿದೆ ಎಂದು ತಿಳಿದ ಮನುಷ್ಯ ಅವರು. ತಟ್ಟೆಯಲ್ಲಿ ಏನಿದೆ ಎಂದು ನೋಡುವ ಗೋಜಿಗೂ ಹೋಗದೆ ಕೇಳಿದರು: "ಯಾವ ಟೇಬಲಿನಿಂದ ವಾಪಸ್ ಬಂತು?"

೨. ಹುಳಿ ಮುಂದಾಯಿತು

ಅವತ್ತು ಪ್ಲಗ್ಗುಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿ ಹಾಕಿದೆ. ಒಂದು ಸುತ್ತು ಓಡಿಸಿದೆ, ಗಾಡಿ ಒಂದು ಸೊಲ್ಲೂ ಎತ್ತದೆ ಓಡಿತು. ಸ್ವಲ್ಪ ದಿನಕ್ಕೆ ಮತ್ತೆ ಕರೆ ಬಂತು. ಹೋಗಿ ಬಿಚ್ಚಿದರೆ ಪ್ಲಗ್ಗುಗಳು ಫಳಫಳ ಹೊಳೆಯುತ್ತಿವೆ, ಆದರೆ ಒಂದರಲ್ಲೂ ಕಿಡಿ ಇಲ್ಲ.

ಭಟ್ಟರು ಪಕ್ಕದಲ್ಲೇ ನಿಂತಿದ್ದರು. "ಮತ್ತೆ ಕಪ್ಪಾಗಿತ್ತು. ನಿಮಗ್ಯಾಕೆ ತೊಂದರೆ ಅಂತ ನಾನೇ ಬಿಚ್ಚಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ದೇವರ ದೀಪವೂ ಇಷ್ಟು ಹೊಳೆಯೂದಿಲ್ಲ," ಎಂದರು.

ಕಿಡಿ ಹಾರಬೇಕಾದ ಸಂದಿನಲ್ಲಿ ಹುಣಸೆ ನಾರು ಸಿಕ್ಕಿಕೊಂಡಿತ್ತು, ಒಳಗೆಲ್ಲ ನೀರು. ನಾನು ಪಿನ್ನಿನಿಂದ ನಾರು ಕೀಳುತ್ತಾ ಕೂತೆ. ಭಟ್ಟರದು ಗಂಭೀರ ಸ್ವಭಾವ, ಅವರೆದುರು ನಗುವಂತಿಲ್ಲ. "ಹೇಗೆ ಬಂದಿದೆ?" ಎಂದು ಕೇಳಿದರು.

"ಹುಳಿ ಒಂದೀಟು ಮುಂದಾಗೈತ್ರಿ ಭಟ್ರ. ಉಪ್ಪು ಬರೋಬ್ಬರಿ ಐತಿ," ಎಂದೆ.

ಅವರು ತಲೆಯಾಡಿಸಿ ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಕೂತಾಗ ನೋಡುತ್ತೇನೆ, ಸಾಂಬಾರಿಗೆ ಹುಳಿಯೇ ಇಲ್ಲ.

೩. ಕುಂತಲ್ಲೇ ಕುಂತು

ಹೊಸ ಪ್ಲಗ್ ಹಾಕಿದೆ, ಅವೂ ಕಪ್ಪಾದವು. ಕಾರ್ಬುರೇಟರ್ ಬಿಚ್ಚಿ ತೊಳೆದೆ. ಏರ್ ಫಿಲ್ಟರ್ ಬದಲಿಸಿದೆ. ರಸ್ತೆಗೆ ಒಯ್ದರೆ ಒಂದು ತಕರಾರಿಲ್ಲ. ಹಿತ್ತಲಲ್ಲಿ ನಾಲ್ಕು ದಿನ ನಿಂತರೆ ಮತ್ತೆ ಮಸಿ. ಓಣಿಯ ಚಹಾದವನು ನನ್ನನ್ನು ನೋಡಿದಾಗಲೆಲ್ಲ, "ಮಿಸ್ತ್ರಿ, ಆ ಗಾಡಿ ನಿಮಗ ತಿಂಗಳಾ ಪಗಾರ ಕೊಡ್ತೈತೇನು?" ಎಂದು ಕೆಣಕುತ್ತಿದ್ದ. ನನಗೆ ತಲೆ ಕೆಟ್ಟು ಹೋಗಿತ್ತು.

ಒಂದು ಬೆಳಿಗ್ಗೆ ಇಡ್ಲಿ ತಿನ್ನಲು ಬಂದವನಿಗೆ ಹಿತ್ತಲಲ್ಲಿ ಎಂಜಿನ್ ಸದ್ದು ಕೇಳಿಸಿತು. ಹೋಗಿ ನೋಡಿದರೆ ಡ್ರೈವರ್ ಸೀಟಿನಲ್ಲಿ ಅಕ್ಕಾರು. ಗಾಡಿ ನಿಂತಲ್ಲೇ ಚಾಲೂ ಇದೆ. ಚೋಕಿನ ಗುಂಡಿಯನ್ನು ಪೂರ್ತಿ ಹೊರಗೆಳೆದಿದ್ದಾರೆ, ಸಾಲದ್ದಕ್ಕೆ ಅದಕ್ಕೆ ತಮ್ಮ ಕೈಚೀಲ ನೇತುಹಾಕಿದ್ದಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತುಟಿಗೆ ಬೆರಳಿಟ್ಟು ಮೇಲಿನ ಕಿಟಕಿ ತೋರಿಸಿದರು.

"ಬೆಳಿಗ್ಗೆ ಮಾರ್ಕೆಟಿಗೆ ಇದ್ರಲ್ಲೇ ಹೋಗ್ತಿದ್ರಲ್ಲ," ಎಂದರು ಮೆಲ್ಲಗೆ. "ಈ ಶಬ್ದ ಕೇಳಿದ್ರೆ ಕಣ್ಣು ಬಿಡ್ತಾರೆ. ಎಡಗೈ ಹಾಸಿಗೆ ಮೇಲೆ ಗೇರ್ ಹುಡುಕ್ತದೆ, ತುಟಿ ಅಲ್ಲಾಡ್ತದೆ ಅಂತ ಹತ್ರ ಇರುವ ನರ್ಸ್ ಹೇಳ್ತಾಳೆ. ಇವತ್ತಲ್ಲ ನಾಳೆ ಒಂದು ಮಾತು ಬಂದೀತು ಅಂತ ದಿನಾ ಸ್ಟಾರ್ಟ್ ಮಾಡ್ತೇನೆ. ನಿಮಗೆ ಹೇಳಿದ್ರೆ ಬೇಡ ಅಂತೀರಿ ಅಂತ ಹೇಳ್ಲಿಲ್ಲ."

ನಾನು ಎಂಜಿನ್ ಬಂದ್ ಮಾಡಲಿಲ್ಲ. ಕೈಚೀಲ ತೆಗೆದು ಅವರ ಕೈಗೆ ಕೊಟ್ಟು, ಚೋಕ್ ಒಳಗೆ ತಳ್ಳಿದೆ.

"ಇದನ್ನ ಎಳದ್ರ ಪೆಟ್ರೋಲ್ ಹೆಚ್ಚಿಗಿ ಸುರೀತೈತ್ರಿ ಅಕ್ಕಾರ. ಗಾಡಿ ಕುಂತಲ್ಲೇ ಕುಂತು ತಿನ್ನಾಕತ್ತೈತಿ. ಓಡಾಟ ಇಲ್ಲ, ಮೈ ಬಿಸಿ ಆಗೂದಿಲ್ಲ. ಅದಕ್ಕ ಮಸಿ ಹಿಡೀತೈತಿ."

ಅಕ್ಕಾರು ಸ್ವಲ್ಪ ಯೋಚಿಸಿ, "ಹಾಗಾದ್ರೆ ನಮ್ಮ ಹೋಟೆಲ್ ಮ್ಯಾನೇಜರಿಗೂ ಇದೇ ಕಾಯಿಲೆ," ಎಂದರು.

೪. ಸೆಕೆಂಡ್ ಗೇರು

ಮಸಿಗೆ ಮದ್ದು ಒಂದೇ. ಎಂಜಿನ್ ಚೆನ್ನಾಗಿ ಕಾಯುವಂತೆ ದೂರ ಓಡಿಸಬೇಕು. ಅಣ್ಣಾರ ಮಗಳ ಮನೆ ಸಂಭಾಜಿನಗರದ ಚಿಕಲಠಾಣಾದಲ್ಲಿ, ನಾಲ್ಕು ತಾಸಿನ ದಾರಿ. "ಇವರನ್ನೂ ಕೂರಿಸ್ಕೊಂಡು ಹೋಗುವ. ಶಬ್ದ ಹತ್ತಿರದಿಂದ ಕೇಳ್ತದೆ," ಎಂದರು ಅಕ್ಕಾರು. ಡಾಕ್ಟರು ಒಪ್ಪಿದರು. ಅಣ್ಣಾರನ್ನು ನನ್ನ ಪಕ್ಕದ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿ, ಬೆಲ್ಟ್ ಹಾಕಿದೆವು. ಹಿಂದೆ ಅಕ್ಕಾರು ಇಡ್ಲಿ ಪಾರ್ಸಲ್ ತೊಡೆಯ ಮೇಲಿಟ್ಟುಕೊಂಡು ಕೂತರು.

ನಿಫಾಡ ದಾಟಿದೆವು. ಅಣ್ಣಾರು ರಸ್ತೆ ನೋಡುತ್ತಿದ್ದರು, ಅಷ್ಟೇ. ಹಾಸಿಗೆಯ ಮೇಲೆ ಗೇರ್ ಹುಡುಕುತ್ತಿದ್ದ ಎಡಗೈ ಮೊಣಕಾಲ ಮೇಲೆ ಸುಮ್ಮನೆ ಬಿದ್ದಿತ್ತು. ಅಕ್ಕಾರು ಆಗಾಗ ಮುಂದೆ ಬಾಗಿ, "ಕೇಳ್ತದಾ? ನಿಮ್ಮದೇ ಗಾಡಿ. ಎಷ್ಟು ಚಂದ ಓಡ್ತಾ ಉಂಟು ನೋಡಿ," ಎನ್ನುತ್ತಿದ್ದರು. ಯೇವಲಾ ಬರುವ ಹೊತ್ತಿಗೆ ಅಕ್ಕಾರು ಹಿಂದೆ ಸರಿದು ಕೂತರು. ಕನ್ನಡಿಯಲ್ಲಿ ನೋಡಿದೆ. ಮುಖ ಕಿಟಕಿಯ ಕಡೆ ತಿರುಗಿಸಿ, ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಎಂಜಿನ್ ಇಷ್ಟು ಸೊಗಸಾಗಿ ಎಂದೂ ಓಡಿರಲಿಲ್ಲ, ನನಗೆ ಇಷ್ಟು ಬೇಜಾರೂ ಎಂದೂ ಆಗಿರಲಿಲ್ಲ.

ಮುಂದೆ ಸೇತುವೆಯ ಏರು ಬಂತು. ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರ್ ನಮ್ಮ ಮುಂದೆ ತೆವಳುತ್ತಿತ್ತು. ನನ್ನ ಕಣ್ಣು ಕನ್ನಡಿಯಲ್ಲೇ ಇತ್ತು, ಗೇರ್ ಇಳಿಸುವುದು ಮರೆತೇ ಹೋಯಿತು. ಥರ್ಡ್ ಗೇರಿನಲ್ಲಿ ಏರು ಹತ್ತಲಾರದೆ ಎಂಜಿನ್ ಖಟಖಟ ಬಡಿದುಕೊಂಡಿತು, ಗಾಡಿಯೆಲ್ಲ ನಡುಗಿತು.

"ಸೆ... ಸೆಕೆಂಡ್ ಹಾಕು ಮಾರಾಯ! ಗಾಡಿ ಲಗಾಡಿ ತೆಗೀತೀಯಲ್ಲ!"

ಅಣ್ಣಾರ ನಾಲಗೆ ತೊದಲಿತು, ಆದರೆ ಬೈಗುಳ ಸ್ಪಷ್ಟವಾಗಿತ್ತು. ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಎಂಜಿನ್ ಬಂದ್ ಆಯಿತು. ಹಿಂದಿನಿಂದ ಟ್ರಕ್ಕಿನವರು ಹಾರ್ನ್ ಬಾರಿಸತೊಡಗಿದರು. ಅಣ್ಣಾರು ಸಿಟ್ಟಿನಿಂದ ಕೆಂಪಾಗಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಬೈಸಿಕೊಂಡು ಅಷ್ಟು ಖುಷಿ ನನಗೆ ಜೀವಮಾನದಲ್ಲಿ ಆಗಿಲ್ಲ. ಎರಡೂ ಕೈ ಜೋಡಿಸಿದೆ.

"ತಪ್ಪಾತ್ರಿ ಅಣ್ಣಾರ. ಇನ್ನೊಮ್ಮೆ ಹಿಂಗ ಮಾಡೂದಿಲ್ಲ."

ಹಿಂದಿನಿಂದ ಅಕ್ಕಾರು ನನ್ನ ಸೀಟನ್ನು ಹಿಡಿದು ಅಲ್ಲಾಡಿಸಿದರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

"ಹಾಗೆ ಹೇಳ್ಬೇಡಿ ಮೇಸ್ತ್ರಿಗಳೇ! ದಮ್ಮಯ್ಯ, ಇನ್ನೊಂದು ಸಲ ಥರ್ಡೇ ಹಾಕಿ!"