ಮೆಕ್ಸಿಕೋದ ಕಡುಬೂ ನಮ್ಮ ಭಾವನೂ

ನಮ್ಮ ಭಾವನವರ ಪ್ರಕಾರ ಮೆಕ್ಸಿಕೋದ ಮಾಯಾ ಜನ ಮೂಲತಃ ಮೈಸೂರಿನವರು! ಪುರಾವೆ? ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕುತ್ತಾರೆ, ರುಬ್ಬಿದ ಹಿಟ್ಟನ್ನು ಬಾಳೆಲೆಯಲ್ಲಿ ಕಟ್ಟಿ ಕಡುಬು ಮಾಡುತ್ತಾರೆ, ಕುಂಬಳಬೀಜ ಹುರಿದು ಚಟ್ನಿ ಅರೆಯುತ್ತಾರೆ. ಇನ್ನೇನು ಬೇಕು? ತೊಂಬತ್ತರ ದಶಕದಲ್ಲಿ ಅಮೆರಿಕದ ಎಲಿಕಾಟ್ ಸಿಟಿಯಲ್ಲಿದ್ದ ಕನ್ನಡದವರಿಗೆಲ್ಲ ಈ ಸಂಶೋಧನೆ ಕೇಳಿ ಕೇಳಿ ಕಿವಿ ತೂತಾಗಿತ್ತು.

ಅವರ ಅಡ್ಡೆ ಮನೆ ಹತ್ತಿರದ ಪುಟ್ಟ ಮೆಕ್ಸಿಕನ್ ಹೋಟೆಲು. ಮಾಯಾ ಜನರ ಸೀಮೆಯಾದ ಯುಕಟಾನ್ ಕಡೆಯ ಹೆಂಗಸೊಬ್ಬರು ನಡೆಸುತ್ತಿದ್ದರು. ಆಕೆಗೇ ಆಕೆಯ ಅಡುಗೆ ಕಲಿಸಲು ಹೋಗುತ್ತಿದ್ದರು ಭಾವ!

"ಇದಕ್ಕೊಂದು ಸಾಸಿವೆ ಒಗ್ಗರಣೆ ಕೊಟ್ಟು ನೋಡಿ."

"ನಮ್ಮಜ್ಜಿ ಎದ್ದು ಬಂದು ಹೊಡೀತಾಳೆ!" ಎನ್ನುತ್ತಿದ್ದರು ಆಕೆ.

ಒಂದು ದಿನ ಆ ಹಿಟ್ಟಿಗೆ ಹಂದಿಕೊಬ್ಬು ಬೆರೆಸುತ್ತಾರೆಂದು ತಿಳಿಯಿತು. ಅಪ್ಪಟ ಸಸ್ಯಾಹಾರಿ ಭಾವ ಏನು ಮಾಡಿದರು ಗೊತ್ತೇ? "ತಿಳೀದೆ ತಿಂದ್ರೆ ಪಾಪ ಇಲ್ಲ ಕಣೋ" ಎಂದರು, ತಿಳಿದ ಮೇಲೂ ತಟ್ಟೆಯಲ್ಲಿ ಉಳಿದದ್ದನ್ನು ಮುಗಿಸುತ್ತಾ! ಮರುವಾರದಿಂದ ಆಕೆ ಅವರಿಗೆಂದೇ ಎಣ್ಣೆ ಹಾಕಿ ಬೇರೆ ಕಡುಬು ಮಾಡತೊಡಗಿದರು.

ಆ ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಭಾವನ ತಾಯಿ ತೀರಿಕೊಂಡರು. ಗ್ರೀನ್ ಕಾರ್ಡ್ ಬರುವ ಮುಂಚೆ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದು ಲಾಯರ್ ಹೆದರಿಸಿದ. ಭಾವ ಹೋಗಲಿಲ್ಲ. ಊರಿನಲ್ಲಿದ್ದ ಅವರ ತಮ್ಮನೇ ಕೊಳ್ಳಿ ಇಟ್ಟ. ಹೆತ್ತವಳಿಗಿಂತ ಒಂದು ಕಾರ್ಡು ಹೆಚ್ಚಾಯಿತೇ? ಅಳಲೂ ಇಲ್ಲ ಆ ಮನುಷ್ಯ! ಸೂತಕದಲ್ಲೇ ಹೋಟೆಲಿಗೆ ಹೊರಟರು.

"ಮನುಷ್ಯರೇನ್ರೀ ನೀವು?" ಅಕ್ಕ ಕೂಗಿದಳು.

"ಹಸಿವಾಗತ್ತಲ್ಲೇ" ಎಂದರು.

ನನಗೆ ಆ ದೇಶ, ಆ ಕಾರ್ಡು, ಆ ಭಾವ, ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು.

ನವೆಂಬರ್ ಶುರುವಿನಲ್ಲಿ ನನ್ನನ್ನೂ ಎಳೆದುಕೊಂಡು ಹೋದರು. ಮೂಲೆಯ ಮೇಜಿನ ಮೇಲೆ ಚೆಂಡುಹೂ, ಬಾಳೆಲೆ, ಹಬೆಯಾಡುವ ಕಡುಬು. "ನೋಡ್ದ್ಯೇನೋ, ನನಗೆ ಎಲೆ ಹಾಕಿ ಕಾಯ್ತಿದಾರೆ!" ಎಂದು ಕುಳಿತೇಬಿಟ್ಟರು. ಎಲೆಯ ಸುತ್ತ ನೀರು ಬಿಟ್ಟು ಇನ್ನೇನು ಕೈ ಹಾಕಬೇಕು, ಆಕೆ ಓಡಿಬಂದರು.

"ಅಯ್ಯೋ, ಏಳಿ! ಅದು ತೀರಿಹೋದ ನನ್ನ ಗಂಡನಿಗೆ. ಈ ದಿನ ಸತ್ತವರು ಊಟಕ್ಕೆ ಬರ್ತಾರೆ."

ಭಾವ ದಡಕ್ಕನೆ ಎದ್ದರು. ಇವರೂ ನಮ್ಮಂತೆ ಎಡೆ ಇಡುತ್ತಾರೆ! ಹೊಸ ಪುರಾವೆ ಸಿಕ್ಕಿತು, ಇನ್ನು ಭಾಷಣ ತಪ್ಪಿದ್ದಲ್ಲ ಎಂದುಕೊಂಡೆ.

"ಎಷ್ಟು ದೂರದಿಂದ ಬರ್ತಾರೆ?" ಎಂದು ಕೇಳಿದರು ಭಾವ. "ನಮ್ಮಮ್ಮ ಮೈಸೂರಲ್ಲಿ ಹೋಗಿಬಿಟ್ರು. ನಾನು ಹೋಗ್ಲಿಲ್ಲ."

ಆಕೆ ಅವರನ್ನೇ ನೋಡಿದರು. "ಎಲ್ಲಿಂದಾದ್ರೂ ಬರ್ತಾರೆ. ಅವರಿಗೆ ವೀಸಾ ಬೇಡ."

ಮತ್ತೊಂದು ಬಾಳೆಲೆ ಹಾಸಿದರು. ಎಣ್ಣೆಯ ಕಡುಬು ಬಿಚ್ಚಿಟ್ಟರು. ಚಟ್ನಿ ಬಡಿಸಲು ಹೋದಾಗ ಭಾವ ಅವರ ಕೈ ತಡೆದರು.

"ಸ್ವಲ್ಪ ಸಾಕು. ಅಮ್ಮಂಗೆ ಖಾರ ಆಗಲ್ಲ."

ಅಷ್ಟು ಹೇಳಿದವರೇ, ಅಲ್ಲೇ ನಿಂತು, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರು.