ಓನರ್ ಮನೆ ಕಂಪ್ಯೂಟರಿಗೆ ಕಣ್ಣು ಬಂದದ್ದು

ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವವನಿಗೆ ರಜೆ ಎಂಬುದಿಲ್ಲ. ಒಬ್ಬರ ಪ್ರಿಂಟರ್, ಇನ್ನೊಬ್ಬರ ಪಾಸ್‌ವರ್ಡ್, ಏನಾದರೊಂದು ಬಂದು ಬಾಗಿಲು ತಟ್ಟುತ್ತಲೇ ಇರುತ್ತದೆ. ಬಾಡಿಗೆ ಮನೆಯಾದರಂತೂ ಮುಗಿಯಿತು, ಬಾಗಿಲು ತಟ್ಟುವವರು ಕೆಳಗೇ ಇರುತ್ತಾರೆ.

ನಾನು ಬನಶಂಕರಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್. ಮನೆ ಹೊಸಕೆರೆಹಳ್ಳಿಯಲ್ಲಿ, ಮೊದಲನೇ ಮಹಡಿ. ಕೆಳಗೆ ಓನರ್. ಅವರ ತಂದೆ ರಾಗಿ ಬೆಳೆದ ಜಾಗದಲ್ಲಿ ಇವರು ಬಾಡಿಗೆದಾರರನ್ನು ಬೆಳೆಯುತ್ತಿದ್ದಾರೆ.

೧. ಬೋಳು ಗಿಡ

ಬೆಳಗ್ಗೆ ಎದ್ದು ಪ್ಲಾಸ್ಟಿಕ್ ಕವರ್ ಹಿಡಿದು, ಕಂಡವರ ಮನೆಯ ಹೂವು ಕಿತ್ತು ತಮ್ಮ ದೇವರಿಗೆ ಏರಿಸುವುದು ನಮ್ಮ ಏರಿಯಾದ ಹಳೇ ಪುಣ್ಯಕಾರ್ಯ. ಓನರ್ ಕೂಡ ವಾಕಿಂಗ್ ಮುಗಿಸಿ ಬರುವಾಗ ಪಾರ್ಕಿನ ಕಣಗಿಲೆಯನ್ನು ಜೇಬಿಗೆ ತುಂಬಿಕೊಂಡೇ ಬರುವವರು. ಆದರೆ ಒಂದು ದಿನ ತಮ್ಮದೇ ಕಾಂಪೌಂಡಿನ ದಾಸವಾಳ ಬೋಳಾಗಿದ್ದು ಕಂಡಾಗ ಅದು ಅವರಿಗೆ ಕಳ್ಳತನ ಎಂದು ಹೊಳೆಯಿತು.

ವಾರಗಟ್ಟಲೆ ಇದೇ ಕಥೆಯಾಯಿತು. ಕೊನೆಗೆ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿಕೊಂಡರು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಅಷ್ಟೊತ್ತಿಗೆ ಕೆಳಗಿಳಿದು ಹಾಲು ತಗೊಳ್ಳೋರು ನಿಮ್ಮನೆಯವ್ರೊಬ್ರೇ."

ಇದನ್ನು ತಪ್ಪು ತಿಳಿಯದೆ ಇನ್ನೇನು ತಿಳಿಯುವುದು? ಮೇಲಿಂದ ನನ್ನ ಹೆಂಡತಿಗೆ ಎಲ್ಲವೂ ಕೇಳಿಸಿತ್ತು. "ಆ ಹೂವಿನಲ್ಲಿ ಹೂವಿಗಿಂತ ಇರುವೆ ಜಾಸ್ತಿ, ನನಗ್ಯಾಕೆ ಅದು? ಕಳ್ಳ ಯಾರು ಅಂತ ತೋರಿಸಿಕೊಡಿ. ಇಲ್ಲಾಂದ್ರೆ ಬೇರೆ ಮನೆ ನೋಡಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಮೈಯೆಲ್ಲ ಉರಿಯಿತು.

ಹಾಗಾಗಿ ಓನರಿಗೆ ನಾನೇ ಬಾಯಿಬಿಟ್ಟು ಹೇಳಿದೆ: ಕಂಪ್ಯೂಟರಿಗೆ ನೋಡಲು ಕಲಿಸುವ ಸಾಫ್ಟ್‌ವೇರ್, ಕಂಪ್ಯೂಟರ್ ವಿಷನ್ ಲೈಬ್ರರಿ ಅಂತ ಇದೆ, ಪುಕ್ಕಟೆ ಸಿಗುತ್ತದೆ. ಅದನ್ನು ನಿಮ್ಮ ಕಂಪ್ಯೂಟರಿಗೆ ಹಾಕಿ, ಗೇಟಿಗೊಂದು ಕ್ಯಾಮೆರಾ ಇಟ್ಟರೆ, ಬಂದವರ ಮುಖ ಹಿಡಿದು ಹೆಸರನ್ನೂ ಬರೆದಿಡುವ ಹಾಗೆ ಮಾಡಬಹುದು.

ಪುಕ್ಕಟೆ ಎಂದದ್ದಷ್ಟೇ ಓನರಿಗೆ ಕೇಳಿಸಿದ್ದು. ಸಂಜೆಯೊಳಗೆ ಪಾರ್ಕಿನ ಗೆಳೆಯರಿಗೆಲ್ಲ ಹೇಳಿಬಿಟ್ಟಿದ್ದರು: "ಬರೋ ಭಾನುವಾರ ಕಳ್ಳನ ಮುಖ, ಹೆಸರು ಎರಡೂ ತೋರಿಸ್ತೀನಿ. ಎಲ್ರೂ ಕಾಫಿಗೆ ಬನ್ನಿ."

೨. ಯಾರೂ ಇಲ್ಲದ ರೂಮು

ಸೋಮವಾರ ಸಂಜೆ ಡೌನ್‌ಲೋಡಿಗೆ ಹಾಕಿ, ಊಟ ಮಾಡಿ ಬರುತ್ತೇನೆಂದು ಮೇಲೆ ಹೋದೆ. ಬಂದು ನೋಡಿದರೆ ಕಂಪ್ಯೂಟರ್ ತಣ್ಣಗೆ ಕೂತಿದೆ. ಮಂಗಳವಾರವೂ ಅದೇ ಗತಿ. ಬುಧವಾರ ಬಾಗಿಲಲ್ಲೇ ನಿಂತು ಕಾದೆ. ಓನರ್ ಬಂದರು, ಖಾಲಿ ಕುರ್ಚಿ ನೋಡಿದರು, ಗೋಡೆಯ ಸ್ವಿಚ್ ಆಫ್ ಮಾಡಿದರು.

"ಸಾರ್, ಅದು ಡೌನ್‌ಲೋಡ್ ಆಗ್ತಿತ್ತು."

"ರೂಮಲ್ಲಿ ಯಾರೂ ಇಲ್ದೇ ಇರೋವಾಗ ಅದು ಯಾಕೆ ಆಗ್ಬೇಕು?"

ಮೂವತ್ತು ವರ್ಷ ಬಾಡಿಗೆದಾರರ ಮೆಟ್ಟಿಲ ಲೈಟು ಆರಿಸಿದ ಕೈ.

೩. ಹಳೇದು ಬೇಡ

ಗುರುವಾರ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಅದು ಇನ್ನೂ ದೊಡ್ಡ ತಪ್ಪು. ಅವರ ಕಂಪ್ಯೂಟರಿನಲ್ಲಿದ್ದ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ವರ್ಷನ್ ತೀರಾ ಹೊಸದು. ಮುಖ ಗುರುತಿಸುವ ಭಾಗ ಅದಕ್ಕೆ ಒಗ್ಗದೆ, ಪರದೆ ತುಂಬ ಕೆಂಪು ಅಕ್ಷರಗಳು ಬಂದವು. ಅದನ್ನು ತೆಗೆದು ಹಳೇ ವರ್ಷನ್ ಹಾಕಬೇಕು ಎಂದೆ.

ಓನರ್ ಎದ್ದು ನಿಂತರು. "ಹಳೇದಾ? ನಮ್ಮನೆ ಗ್ರಾನೈಟ್ ನೋಡಿದ್ದೀರಲ್ಲ ಮೇಷ್ಟ್ರೇ? ಬಾಗಿಲು ನೋಡಿ, ತೇಗ. ಯಾವ್ದೂ ಸೆಕೆಂಡ್ ಹ್ಯಾಂಡ್ ಹಾಕ್ಸಿಲ್ಲ ನಾನು."

ಒಂದು ಗಂಟೆ ಬಿಡಿಸಿ ಹೇಳಿದೆ. ಕಲ್ಲಿನ ಮೇಲೆ ನೀರು ಹೊಯ್ದಂತಾಯಿತು. ಕೊನೆಗೆ, "ಇದು ಎಲ್ಲರಿಗೂ ಕೊಡಲ್ಲ ಸಾರ್, ಈಗ ತಯಾರಾಗೋದೇ ನಿಂತುಹೋಗಿದೆ" ಎಂದೆ. ತಕ್ಷಣ ಕೂತರು. "ಹಂಗಂದ್ರೆ ಎರಡು ಹಾಕಿ."

೪. ಆಲ್ಬಮ್

ಕಂಪ್ಯೂಟರಿಗೆ ಮುಖ ಕಲಿಸಲು ಫೋಟೋ ಬೇಕು. ಓನರ್ ಮಗಳ ಮದುವೆಯ ಫೋಟೋಗಳಿದ್ದ ಪೆನ್‌ಡ್ರೈವ್ ಕೊಟ್ಟರು. "ಇಡೀ ರೋಡೇ ಊಟಕ್ಕೆ ಬಂದಿತ್ತು. ಕಳ್ಳನೂ ಉಂಡೇ ಹೋಗಿರ್ತಾನೆ."

ಹೆಸರುಗಳನ್ನು ಅವರೇ ಹೇಳುತ್ತಾ ಹೋದರು, ನಾನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಮಗಳ ಅತ್ತೆ, ಅಂದರೆ ಇವರ ಬೀಗಿತ್ತಿ, ಎರಡು ಕ್ರಾಸ್ ಆಚೆಯೇ ಇರುವವರು. ಅವರ ಫೋಟೋ ಬಂದಾಗ ಓನರ್ ಕೂತಲ್ಲೇ ಪಂಚೆ ಸರಿಮಾಡಿಕೊಂಡು, "ಬೀಗಿತ್ತಿ ಅಮ್ಮನವರು ಅಂತ ಪೂರ್ತಿ ಹಾಕಿ" ಎಂದರು. ನನ್ನ ಫೋಟೋಗೆ 'ಬಾಡಿಗೆ ಒಂದು'. ನನ್ನ ಹೆಂಡತಿಗೆ 'ಬಾಡಿಗೆ ಎರಡು'.

ಪರೀಕ್ಷೆಗೆ ಓನರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದೆ. ಆಲ್ಬಮ್ಮಿನಲ್ಲಿ ಅವರು ಪೇಟ ಕಟ್ಟಿದ್ದರು, ಮೀಸೆಗೆ ಕಪ್ಪು ಹಚ್ಚಿದ್ದರು. ಕಂಪ್ಯೂಟರ್ 'ಅಪರಿಚಿತ' ಎಂದು ಬರೆಯಿತು. ಒಳಗೆ ಹೋಗಿ ಪೇಟ ಕಟ್ಟಿಕೊಂಡು ಬಂದರು. ಆಗ ಗುರುತು ಹಿಡಿಯಿತು.

೫. ಬೊಟ್ಟು

ಶುಕ್ರವಾರ ಸಂಜೆ ಗೇಟಿನ ಕಂಬಕ್ಕೆ ಕ್ಯಾಮೆರಾ ಕಟ್ಟಿದೆ. ಶನಿವಾರ ಬೆಳಗ್ಗೆ ಗಿಡ ಬೋಳು, ಕಂಪ್ಯೂಟರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಪರದೆ ತುಂಬ ಬರೀ ಕೆಂಪು. ಓನರ್ ನನ್ನನ್ನು ನೋಡಿದ ನೋಟದಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಸೇರಿ ಕದ್ದಂತಿತ್ತು.

ಹತ್ತಿ ನೋಡಿದರೆ ಲೆನ್ಸಿನ ಮೇಲೆ ಎಂಟಾಣೆ ಅಗಲದ ಕುಂಕುಮ. ಓನರ್ ಹೆಂಡತಿ ಹೊಸ ವಸ್ತು ಎಂದು ಪೂಜೆ ಮಾಡಿದ್ದರು.

"ಅಲ್ಲ ಆಂಟಿ, ಕಣ್ಣಿಗೇ ಇಡೋದಾ?"

"ಮತ್ತೆ ಸ್ಕೂಟರಿಗೆ ಎಲ್ಲಿಡ್ತೀವಿ? ಲೈಟಿಗೆ ತಾನೆ?"

೬. ಭಾನುವಾರದ ಕಾಫಿ

ಭಾನುವಾರ ಬೆಳಗ್ಗೆ ಪ್ರೋಗ್ರಾಂ ಒಬ್ಬರನ್ನು ಹಿಡಿದಿತ್ತು. ಕಂಪ್ಯೂಟರ್ ಟಿಣ್ ಎಂದಿದ್ದು ನನಗೂ ಕೇಳಿಸಿತು. ನಾನೊಮ್ಮೆ ಮೊದಲೇ ನೋಡುತ್ತೇನೆ ಎಂದರೆ ಓನರ್ ಬಿಡಲಿಲ್ಲ. "ಎಲ್ರೂ ಬಂದ್ಮೇಲೆ ನೋಡೋದು. ಉದ್ಘಾಟನೆ ಅಂದ್ರೆ ಉದ್ಘಾಟನೆ." ಪರದೆಗೆ ರೇಷ್ಮೆ ಶಾಲು ಹೊದಿಸಿದ್ದರು.

ಪಾರ್ಕಿನಿಂದ ಆರು ಜನ ಬಂದು ಸೋಫಾದಲ್ಲಿ ಕೂತರು. ನನ್ನ ಹೆಂಡತಿ ಬಾಗಿಲ ಬಳಿ ಕೈಕಟ್ಟಿ ನಿಂತಳು. ಓನರ್ ಅವಳನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, "ಯಾರೇ ಆಗಿರ್ಲಿ, ನಾನು ಮುಖ ಮೂತಿ ನೋಡೋನಲ್ಲ" ಎಂದು ಶಾಲು ಎಳೆದರು.

ಚಿತ್ರ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಸ್ವೆಟರ್ ಹಾಕಿದ ಹೆಂಗಸು, ಕೊಕ್ಕೆ ಕೋಲಿನಿಂದ ದಾಸವಾಳದ ಕೊಂಬೆ ಬಗ್ಗಿಸುತ್ತಿದ್ದಾರೆ. ಮುಖದ ಸುತ್ತ ಹಸಿರು ಚೌಕ. ಅದರ ಕೆಳಗೆ ಓನರ್ ಹೇಳಿಸಿ ಬರೆಸಿದ ಹಾಗೆಯೇ, ಪೂರ್ತಿಯಾಗಿ: ಬೀಗಿತ್ತಿ ಅಮ್ಮನವರು.

ಮಗಳನ್ನು ಕೊಟ್ಟ ಮನೆಯವರ ಮೇಲೆ ಹೂವಿನ ಕಳ್ಳತನ ಹೊರಿಸುವ ಗಂಡಸು ಹೊಸಕೆರೆಹಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ. ಓನರ್ ನಿಧಾನಕ್ಕೆ ಗೋಡೆಯ ಬಳಿ ಹೋಗಿ ಸ್ವಿಚ್ ಆಫ್ ಮಾಡಿದರು. "ಕರೆಂಟ್ ಹೋಯ್ತು" ಎಂದರು. ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು.

"ಅಂಕಲ್," ಎಂದಳು ನನ್ನ ಹೆಂಡತಿ, "ಬಾಡಿಗೆ ಎರಡು ಎಲ್ಲೂ ಕಾಣಲಿಲ್ವಲ್ಲ?"

ಓನರಿಂದ ಕ್ಷಮೆ ಇವತ್ತಿಗೂ ಬಂದಿಲ್ಲ.

ಮಾರನೆಯ ಬೆಳಗ್ಗೆ ಬಾಲ್ಕನಿಯಿಂದ ನೋಡುತ್ತೇನೆ: ವಾಕಿಂಗ್ ಬಿಟ್ಟು ಓನರೇ ಕೊಂಬೆ ಬಗ್ಗಿಸಿ ಹಿಡಿದುಕೊಂಡಿದ್ದಾರೆ, ಬೀಗಿತ್ತಿ ಕವರಿಗೆ ತುಂಬಿಕೊಳ್ಳುತ್ತಿದ್ದಾರೆ. ಅವರು ಹೋದ ಮೇಲೆ ಓನರ್ ತಲೆಯೆತ್ತಿ ನನ್ನನ್ನು ಕಂಡರು.

"ಮೇಷ್ಟ್ರೇ, ಆ ಲೈಬ್ರರಿ ತೆಗೆದ್ಬಿಡಿ. ಹಳೇದು ಬೇಡ ಅಂತ ನಾನು ಅವತ್ತೇ ಹೇಳ್ದೆ. ಅದು ಮರ್ಯಾದಸ್ಥರನ್ನ ಹಿಡಿಯುತ್ತೆ."