ಮುಕ್ಕಾ ಅಂದರೆ ಹಸು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ನನಗೆ ಮಾತಿನ ಮೇಲೆ ಹಿಡಿತವಿದೆ ಎಂಬ ಜಂಬವಿತ್ತು. ಆ ಜಂಬ ನಮ್ಮ ಮನೆಯ ಕೊಟ್ಟಿಗೆಯಲ್ಲೇ ಇಳಿದುಹೋಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಆಗ ಬಿದ್ದ ಆಘಾತದಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲವಾದ್ದರಿಂದ, ನಿಮ್ಮ ಹತ್ತಿರವಾದರೂ ಹೇಳಿಕೊಳ್ಳುತ್ತೇನೆ.

ನಮ್ಮದು ಅಕ್ಕಿಹೆಬ್ಬಾಳು. ನನ್ನ ಹೆಂಡತಿ ಪ್ರಮೀಳಾ ಒಂದು ದಿನ ಟೀವಿಯಲ್ಲಿ ವೆನಿಸ್ ನೋಡಿ, “ರೀ, ಅಲ್ಲಿ ಬೀದೀಲೆಲ್ಲಾ ನೀರಂತೆ, ಮನೆ ಬಾಗ್ಲಿಗೇ ದೋಣಿ ಬತ್ತದಂತೆ. ಒಂದ್ಸಲ ನೋಡ್ಬೇಕು” ಎಂದಳು. ಹೇಮಾವತಿ ದಂಡೆಯಲ್ಲೇ ಇದ್ದುಕೊಂಡು ನೀರು ನೋಡಲು ಇಟಲಿಗೆ ಹೋಗುವುದೇ? ಬೆಚ್ಚಿಬಿದ್ದೆ. ಆದರೆ ಅವಳು ಮದುವೆಯಾದ ಮೇಲೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮೈಸೂರಿನಿಂದ ಹೊರಡುವ ಪ್ರವಾಸದ ಗುಂಪಿನಲ್ಲಿ ಹೆಸರು ಬರೆಸಿದೆ. ಭಾಷೆ ಬಾರದೆ ಹೋಗುವುದು ಮೇಷ್ಟ್ರಿಗೆ ಅವಮಾನವೆಂದು ಮೊಬೈಲಿನಲ್ಲಿ ಇಟಾಲಿಯನ್ ಕಲಿಯತೊಡಗಿದೆ. ಮೊದಲ ದಿನವೇ ಎಡವಟ್ಟು ಕಂಡಿತು. ಅವರು ಮನೆಗೆ ‘ಕಾಸಾ’ ಎನ್ನುತ್ತಾರೆ. ಚೆಂದ ಇದ್ದರೆ ‘ಬೆಲ್ಲಾ’. ನಮ್ಮ ಕಡೆ ಇದನ್ನು ಕೂಡಿಸಿ ‘ಕಾಸಾ ಬೆಲ್ಲಾ’ ಎಂದರೆ, ಒಂದು ಕಾಸಿಗೆ ಬೆಲ್ಲ ಕೇಳಿದನೆಂದು ಯಾವ ಆಲೆಮನೆಯವನೂ ಸುಮ್ಮನಿರುವುದಿಲ್ಲ.

ಹೊರಡಲು ಆರು ದಿನ ಇರುವಾಗ, ಬೆಳಗ್ಗೆ ಕೊಟ್ಟಿಗೆಯ ಮುಂದೆ ಅಡ್ಡಾಡುತ್ತಾ ಪ್ರಾಣಿಗಳ ಪಾಠ ಮಾಡುತ್ತಿದ್ದೆ. ಹಸುವಿಗೆ ‘ಮುಕ್ಕಾ’. ನಮ್ಮ ಗೌರಿಯ ಕಡೆ ಕೈ ತೋರಿಸಿ, “ಮುಕ್ಕಾ!” ಎಂದೆ. ಮೊಬೈಲು ಇನ್ನೂ ಗಟ್ಟಿಯಾಗಿ ಅನ್ನು ಎಂದಿತು. ಮೂರನೆಯ ಸಲ ಊರಿಗೇ ಕೇಳುವಂತೆ ಕೂಗಿದೆ. ಮೊಬೈಲು ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಗೌರಿಯ ಆಚೆ ಬದಿಯಿಂದ ಪಕ್ಕದ ಮನೆಯ ಜವರೇಗೌಡರು ನಿಧಾನಕ್ಕೆ ಎದ್ದು ನಿಂತರು. ಅವರು ಕೂತು ಗೌರಿಯ ಕಾಲಿನ ಗಾಯಕ್ಕೆ ಅರಿಶಿನ ಹಚ್ಚುತ್ತಿದ್ದರು.

“ಯಾರ್ಗ್ ಯೋಳುದ್ರಿ ಮೇಷ್ಟ್ರೇ?”

“ಹಸುಗೆ, ಗೌಡ್ರೇ…”

“ಅಸುಗೆ ಮುಕ್ಕ ಅಂತ ಮೂರ್ ಸಲ ಬಯ್ದು, ಚಪ್ಪಾಳೆ ಬ್ಯಾರೆ ಒಡಿಸ್ತೀರಾ? ನಿಮ್ ಮನೆ ಕೆಲ್ಸಕ್ಕೆ ಬಂದ ನಾನೇ ಮುಕ್ಕ ಬುಡಿ!” ಎಂದು ಟವೆಲು ಕೊಡವಿ ಹೊರಟೇ ಹೋದರು.

ಗೌರಿ ಹಾಲು ಕೊಡುವುದು ಎರಡೇ ಕೈಗಳಿಗೆ, ಒಂದು ಪ್ರಮೀಳಾಳದು, ಇನ್ನೊಂದು ಗೌಡರದು. ನಾನು ಒಮ್ಮೆ ಪ್ರಯತ್ನಿಸಿ ಒದೆ ತಿಂದು ವಾರಗಟ್ಟಲೆ ಕುಂಟಿದ್ದೆ. ಗೌಡರಿಲ್ಲದೆ ಇಟಲಿ ಇಲ್ಲ. ಪ್ರಮೀಳಾ ಜಗಳವಾಡಲಿಲ್ಲ. ಪೆಟ್ಟಿಗೆಗೆ ಮಡಿಸಿಟ್ಟಿದ್ದ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬೀರುವಿಗೆ ಇಡತೊಡಗಿದಳು. ಅದನ್ನು ನೋಡಲಾಗದೆ ಗೌಡರ ಮನೆಗೆ ಓಡಿದೆ.

ನನ್ನ ಮಾತನ್ನು ಅವರು ನಂಬಲಿಲ್ಲ. ಕೊನೆಗೆ ಮೊಬೈಲನ್ನೇ ಮುಂದೆ ಹಿಡಿದೆ. ಹಸುವಿನ ಚಿತ್ರ ಬಂತು. ಒಬ್ಬ ಹೆಂಗಸು ಇಂಪಾಗಿ “ಮುಕ್ಕಾ” ಎಂದಳು. ಗೌಡರು ದಂಗಾದರು.

“ಆಲ್ ಕೊಡೋ ತಾಯಿನ ಮುಕ್ಕ ಅಂತಾರಾ? ಅಂಥಾ ದೇಸಕ್ಕೆ ನಮ್ಮಕ್ಕನ್ನ ಯಾಕ್ ಕರ್ಕೊಂಡೋಯ್ತೀರಿ ಮೇಷ್ಟ್ರೇ?” ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು, “ಓಗ್ಲಿ, ಅಕ್ಕ ಆಸೆ ಪಟ್ಟವ್ರೆ. ಗೌರೀನ ನಾನ್ ನೋಡ್ಕೋತೀನಿ. ನೀವು ಮಾತ್ರ ಓಗಾಗಂಟ ಕೊಟ್ಗೆ ತಾವ್ಕೆ ಬರ್‍ಬ್ಯಾಡಿ” ಎಂದರು.

ಹೋದೆವು. ಪ್ರಮೀಳಾ ದೋಣಿಯಲ್ಲಿ ಕೂತು ನೀರಿಗೆ ಕೈ ಇಳಿಬಿಟ್ಟು ಮಗುವಿನಂತೆ ನಕ್ಕಳು. ಆಮೇಲೆ ರೋಮಿನಲ್ಲಿ ನಾವಿಬ್ಬರೂ ಗುಂಪಿನಿಂದ ತಪ್ಪಿಹೋದೆವು. ಈ ಗಳಿಗೆಗೇ ಅಲ್ಲವೇ ನಾನು ಕಲಿತದ್ದು! ಫುಟ್‌ಪಾತಿನಲ್ಲಿ ಛತ್ರಿ ಮಾರುತ್ತಿದ್ದ ಮೀಸೆಯವನ ಮುಂದೆ ನಿಂತು, ಗಂಟಲು ಸರಿಪಡಿಸಿಕೊಂಡು, “ದೋವೆ ಲಾ ಸ್ತಾತ್ಸಿಯೋನೆ?” ಎಂದೆ. ರೈಲ್ವೆ ಸ್ಟೇಷನ್ ಎಲ್ಲಿದೆ ಎಂದು ಅದರ ಅರ್ಥ. ಅವನು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ ಹಿಂದಿಯಲ್ಲಿ ಏನೋ ಕೇಳಿದ. ಢಾಕಾ ಕಡೆಯವನಂತೆ. ನನಗೆ ಹಿಂದಿ ಬಾರದು. ನಾನು ಬಾಯಿ ತೆರೆದುಕೊಂಡು ನಿಂತಿರುವಾಗಲೇ, ಧಾರಾವಾಹಿ ನೋಡಿ ಹಿಂದಿ ಕಲಿತಿದ್ದ ಪ್ರಮೀಳಾ ಅವನ ಜತೆ ಮನೆ, ಮಕ್ಕಳು, ಊಟ ಎಲ್ಲ ವಿಚಾರಿಸಿ ಮುಗಿಸಿದ್ದಳು. “ದೀದಿ, ದೀದಿ” ಎನ್ನುತ್ತಾ ಅವನೇ ಸ್ಟೇಷನ್ನಿನವರೆಗೂ ಬಂದು ಬಿಟ್ಟುಹೋದ.

ಈಗ ಜಗಲಿಯಲ್ಲಿ ಕೂತು ಬಾಯಿಪಾಠ ಮಾಡಿ ಹಿಂದಿ ಕಲಿಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಹಿಂದಿ ಯಾಕೆ ಎಂದು ಕೇಳಿದವರಿಗೆಲ್ಲ, ಇನ್ನೊಮ್ಮೆ ಇಟಲಿಗೆ ಹೋಗುವುದಿದೆ ಎಂದು ನಿಜವನ್ನೇ ಹೇಳುತ್ತೇನೆ. ಅವರು ನನ್ನನ್ನು ಬಿಟ್ಟು ಪ್ರಮೀಳಾಳ ಕಡೆ ಕನಿಕರದಿಂದ ನೋಡುತ್ತಾರೆ.